ದುರಸ್ತಿ ಕೊನೆಯ ಲಾರಿಗೂ ತಲುಪಲಿ

(ಲಾರಿಗಳ ಹೊಗೆ ನಿಯಂತ್ರಣ ಸಾಧನಗಳ ದೋಷ ಮತ್ತು ರೀಕಾಲ್ ಕುರಿತು ತೋವಿನಕೆರೆಯಲ್ಲಿ ನಡೆದ ವಿಚಾರ ಸಂಕಿರಣದ ಆಶಯ ಭಾಷಣ)



ಲಾರಿಯ ಹೊಗೆ ನಿಯಂತ್ರಣ ಸಾಧನ ಕಾರ್ಖಾನೆಯಿಂದಲೇ ದೋಷ ಹೊತ್ತು ಬಂದಿದ್ದರೆ ಅದನ್ನು ಪತ್ತೆ ಹಚ್ಚುವವರು ಯಾರು? ಸರಿಪಡಿಸಿಕೊಡುವವರು ಯಾರು? ಆ ಖರ್ಚು ಯಾರ ತಲೆಯ ಮೇಲೆ ಬೀಳಬೇಕು? ಇವತ್ತಿನ ಇಡೀ ದಿನವನ್ನು ನಾವು ಈ ಮೂರು ಪ್ರಶ್ನೆಗಳಿಗಾಗಿ ಮೀಸಲಿಟ್ಟಿದ್ದೇವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದೋಷ ತಯಾರಕರದಾದರೆ ದುರಸ್ತಿಯ ಹೊಣೆಯೂ ಅವರದೇ. ಪತ್ರಿಕೆಗಳಿಗೆ ಒಂದು ಹೇಳಿಕೆ ಕೊಟ್ಟ ಮಾತ್ರಕ್ಕೆ ಆ ಹೊಣೆ ತೀರುವುದಿಲ್ಲ. ಲಾರಿ ರಸ್ತೆಯಲ್ಲಿ ಓಡುವಾಗಲೇ ಅಳತೆ ಮಾಡಿ ದೋಷವನ್ನು ಗುರುತಿಸಬೇಕು. ದುರಸ್ತಿಯಾದ ಮೇಲೆ ಮತ್ತೊಮ್ಮೆ ಅಳೆಯಬೇಕು. ಮೂರನೆಯ ಕೈಗೆ ದಾಟಿ ಹಳ್ಳಿ ಸೇರಿದ ಲಾರಿಗೂ ಆ ದುರಸ್ತಿ ಸಿಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ರೀಕಾಲ್, ಅಂದರೆ ದೋಷವಿರುವ ಗಾಡಿಗಳನ್ನು ವಾಪಸ್ ಕರೆಸಿ ಸರಿಪಡಿಸುವ ಕೆಲಸ, ಕಾಗದದಲ್ಲೇ ಉಳಿಯುತ್ತದೆ, ಗಾಳಿ ಇದ್ದ ಹಾಗೇ ಇರುತ್ತದೆ.

ಇಂಥ ಚರ್ಚೆಗಳು ಬೆಂಗಳೂರಿನಲ್ಲೋ ಪುಣೆಯಲ್ಲೋ ನಡೆಯುವುದು ರೂಢಿ. ಸಿದ್ಧರಬೆಟ್ಟದ ಮಗ್ಗುಲಿನ ಈ ಊರಿನಲ್ಲಿ ಸೇರಿರುವುದಕ್ಕೆ ಬಲವಾದ ಕಾರಣವಿದೆ. ಈ ಭಾಗದ ಹುಣಸೆಹಣ್ಣು, ಹಲಸು, ಅಡಿಕೆ, ತೆಂಗು, ಕಡಲೆಕಾಯಿ ಎಲ್ಲವೂ ಲಾರಿಯ ಮೇಲೆಯೇ ಊರು ದಾಟಬೇಕು. ಕಟ್ಟಡಕ್ಕೆ ಬೇಕಾದ ಜಲ್ಲಿ, ಎಂ-ಸ್ಯಾಂಡ್ ಬರುವುದೂ ಲಾರಿಯಲ್ಲೇ. ಶಿರಾದ ಮೇಲೆ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗಿದೆ. ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ರಾಜ್ಯ ಹೆದ್ದಾರಿ 33 ಒಂದೇ ಸಾಲಿನಲ್ಲಿ ಪೋಣಿಸಿದೆ. ಈ ರಸ್ತೆಗಳ ಇಕ್ಕೆಲದಲ್ಲಿ ಶಾಲೆಗಳಿವೆ, ಹೊಲಗಳಿವೆ, ಮನೆಗಳಿವೆ. ಇನ್ನೊಂದು ಸಂಗತಿ ಅಷ್ಟೇ ಮುಖ್ಯ. ನಗರದ ದೊಡ್ಡ ಸಾಗಣೆ ಸಂಸ್ಥೆಗಳು ಹೊಸ ಲಾರಿ ಕೊಂಡು ಕೆಲವು ವರ್ಷ ಓಡಿಸಿ ಮಾರುತ್ತವೆ. ಅದನ್ನು ಸಾಲ ಮಾಡಿ ಕೊಳ್ಳುವವರು ನಮ್ಮ ತಾಲ್ಲೂಕುಗಳ ಮಾಲೀಕರು, ಒಂದೋ ಎರಡೋ ಗಾಡಿ ಇಟ್ಟುಕೊಂಡು ಬದುಕುವವರು. ಹೊಗೆ ನಿಯಂತ್ರಣದ ಸಾಧನ ಬೇಗ ಸವೆಯುವಂಥದ್ದಾಗಿದ್ದರೆ ಅದು ಕೈಕೊಡುವುದು ಐದನೆಯ, ಆರನೆಯ ವರ್ಷದಲ್ಲಿ. ಆ ಹೊತ್ತಿಗೆ ಗಾಡಿ ಇವರ ಕೈಯಲ್ಲಿರುತ್ತದೆ. ಪೆಟ್ಟು ಯಾರಿಗೆ ಬೀಳುತ್ತದೋ ಅವರ ನಡುವೆಯೇ ಈ ಚರ್ಚೆ ಶುರುವಾಗುವುದು ನ್ಯಾಯ.

ಮೊದಲು ಆ ಸಾಧನದ ವಿಚಾರ. 2018ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ, 2020ರ ಏಪ್ರಿಲ್ 1ರಿಂದ ದೇಶದಲ್ಲಿ ಭಾರತ್ ಸ್ಟೇಜ್ 6, ಅಂದರೆ ಬಿಎಸ್ 6 ಹೊಗೆ ಮಿತಿಯ ಗಾಡಿಗಳನ್ನು ಮಾತ್ರ ಮಾರಬೇಕಾಯಿತು. ಬಿಎಸ್ 5 ಎಂಬ ಮೆಟ್ಟಿಲನ್ನು ಹತ್ತದೆ ನಾಲ್ಕರಿಂದ ನೇರ ಆರಕ್ಕೆ ಹೋದ ದೇಶ ನಮ್ಮದು. ಡೀಸೆಲ್‌ನಲ್ಲಿದ್ದ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ದೊಡ್ಡ ಡೀಸೆಲ್ ಎಂಜಿನ್ನು ಒಂದು ಕಿಲೋವಾಟ್-ಗಂಟೆಯ ಕೆಲಸಕ್ಕೆ 3.5 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಬಹುದಾಗಿತ್ತು. ಹೊಸ ಮಿತಿ 0.46 ಗ್ರಾಂ. ಎಂಟು ಭಾಗ ಇದ್ದದ್ದು ಹೆಚ್ಚು ಕಡಿಮೆ ಒಂದು ಭಾಗಕ್ಕೆ ಇಳಿಯಿತು. ಕೇವಲ ಎಂಜಿನ್ ಸುಧಾರಣೆಯಿಂದ ಇಷ್ಟು ಸಾಧ್ಯವಿಲ್ಲ. ಅದಕ್ಕಾಗಿಯೇ ಇವತ್ತಿನ ಲಾರಿಯ ಸೈಲೆನ್ಸರ್ ಇರುವ ಜಾಗದಲ್ಲಿ ಒಂದು ಪುಟ್ಟ ರಾಸಾಯನಿಕ ಕಾರ್ಖಾನೆಯೇ ಇದೆ.

ಅದರ ಕೆಲಸ ಹೀಗೆ. ಎಂಜಿನ್‌ನಿಂದ ಬಂದ ಬಿಸಿ ಹೊಗೆ ಮೊದಲು ಆಕ್ಸಿಡೇಷನ್ ಕ್ಯಾಟಲಿಸ್ಟ್ ದಾಟುತ್ತದೆ. ಆಮೇಲೆ ಡಿಪಿಎಫ್ ಎಂಬ ಸೋಸುಕದಲ್ಲಿ ಮಸಿಯ ಕಣಗಳು ಸಿಕ್ಕಿಕೊಳ್ಳುತ್ತವೆ. ಆಗಾಗ ಅದೇ ಬಿಸಿಯಲ್ಲಿ ಅವು ಸುಟ್ಟುಹೋಗಬೇಕು, ಇಲ್ಲದಿದ್ದರೆ ಡಿಪಿಎಫ್ ಜಾಮ್ ಆಗುತ್ತದೆ. ಮುಂದಿನದು ಎಸ್‌ಸಿಆರ್. ಶುದ್ಧ ನೀರಿನಲ್ಲಿ ಶೇ 32.5ರಷ್ಟು ಯೂರಿಯಾ ಬೆರೆಸಿದ ಡಿಇಎಫ್ ದ್ರಾವಣವನ್ನು ಒಂದು ನಾಜಲ್ ಬಿಸಿ ಹೊಗೆಯ ಮೇಲೆ ಸಿಂಪಡಿಸುತ್ತದೆ. ಯೂರಿಯಾ ಅಮೋನಿಯಾ ಆಗುತ್ತದೆ. ಕ್ಯಾಟಲಿಸ್ಟ್‌ನ ಮೈಮೇಲೆ ಅಮೋನಿಯಾ ಮತ್ತು ನೈಟ್ರೋಜನ್ ಆಕ್ಸೈಡ್ ಕೂಡಿ ಬರೀ ನೈಟ್ರೋಜನ್ ಮತ್ತು ನೀರಾವಿ ಹೊರಗೆ ಬರುತ್ತವೆ. ಮುಂದೆ ಒಂದು, ಹಿಂದೆ ಒಂದು ಸೆನ್ಸರ್ ಕೂತು ಕೆಲಸ ಸರಿಯಾಗಿ ಆಗುತ್ತಿದೆಯೇ ಎಂದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂಗೆ ವರದಿ ಕೊಡುತ್ತಿರುತ್ತವೆ. ವರದಿ ಕೆಟ್ಟದಾದರೆ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತುತ್ತದೆ. ಅಷ್ಟಕ್ಕೂ ಸರಿಹೋಗದಿದ್ದರೆ ಎಂಜಿನ್ನಿನ ಶಕ್ತಿಯನ್ನೇ ಇಸಿಎಂ ಕಡಿತ ಮಾಡುತ್ತದೆ.

ಆ ನಾಜಲ್ಲನ್ನು ಬಿಚ್ಚಿ ನೋಡಿದವರು ಈ ಸಭೆಯಲ್ಲಿ ಇದ್ದೀರಿ. ತುದಿಯ ಸುತ್ತ ಸುಣ್ಣದಂಥ ಬಿಳಿ ಪದರ ಗಟ್ಟಿಯಾಗಿ ಕೂತಿರುತ್ತದೆ. ಕೆಲವೊಮ್ಮೆ ತೂತೇ ಮುಚ್ಚಿಹೋಗಿರುತ್ತದೆ. ಬಿಸಿನೀರಲ್ಲಿ ನೆನೆಹಾಕಿದರೆ ಕರಗಿ ಬರುತ್ತದೆ. ಆ ಪದರ ಬಂದದ್ದು ಏಕೆ? ಮಾಲೀಕರು ಕಳಪೆ ಡಿಇಎಫ್ ಹಾಕಿಸಿರಬಹುದು. ಗಾಡಿ ಕಡಿಮೆ ದೂರಕ್ಕೇ ಓಡುತ್ತ ಹೊಗೆ ಸಾಕಷ್ಟು ಬಿಸಿಯೇರದೆ ಇರಬಹುದು. ನಾಜಲ್ಲಿನ ವಿನ್ಯಾಸದಲ್ಲೇ ತಪ್ಪಿರಬಹುದು. ಸಾಫ್ಟ್‌ವೇರ್ ಬೇಕಾದ್ದಕ್ಕಿಂತ ಹೆಚ್ಚು ದ್ರಾವಣ ಸುರಿಸುತ್ತಿರಬಹುದು. ಕಣ್ಣಿಗೆ ಕಾಣುವುದು ಒಂದೇ ಬಿಳಿ ಪದರ, ಕಾರಣಗಳು ನಾಲ್ಕು. ಆದರೆ ಸರ್ವಿಸ್ ಕೌಂಟರಿನಲ್ಲಿ ನಿಂತ ಸಣ್ಣ ಮಾಲೀಕರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಮೊದಲನೆಯದು ಮಾತ್ರ: ನೀವು ಹಾಕಿಸಿದ ಡಿಇಎಫ್ ಸರಿ ಇಲ್ಲ. ಬಿಲ್ಲು ಇಟ್ಟುಕೊಳ್ಳದವರು ಎದುರು ಮಾತಾಡಲಾರರು, ಕೈಯಿಂದ ಹಣ ಕೊಟ್ಟು ಬರುತ್ತಾರೆ. ನೂರು ಊರುಗಳಲ್ಲಿ ನೂರು ಮಾಲೀಕರು ಹೀಗೆ ಒಬ್ಬೊಬ್ಬರಾಗಿ ಹಣ ತೆತ್ತರೆ, ಅದರ ಹಿಂದೆ ಒಂದೇ ದೋಷ ಇದೆಯೆಂಬುದು ಯಾರಿಗೂ ಗೊತ್ತಾಗುವುದಿಲ್ಲ. ರೀಕಾಲ್‌ನ ಇಡೀ ಕಥೆ ಇಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ.

ಈ ದೋಷದ ಇನ್ನೊಂದು ತೊಡಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಬ್ರೇಕ್ ಹಿಡಿಯದಿದ್ದರೆ ಚಾಲಕರಿಗೆ ಅದೇ ಕ್ಷಣ ತಿಳಿಯುತ್ತದೆ. ಹಳೆಯ ಲಾರಿ ಕಪ್ಪು ಹೊಗೆ ಉಗುಳಿದರೆ ಮೆಕ್ಯಾನಿಕ್ ಡೀಸೆಲ್ ಪಂಪು, ನಾಜಲ್ ಬಿಚ್ಚಿ ಸರಿಮಾಡುತ್ತಿದ್ದರು. ನೈಟ್ರಿಕ್ ಆಕ್ಸೈಡ್‌ಗೆ ಬಣ್ಣವೇ ಇಲ್ಲ. ಎಸ್‌ಸಿಆರ್ ಪೂರ್ತಿ ಸತ್ತಿದ್ದರೂ ಸೈಲೆನ್ಸರ್ ಬಾಯಿ ಸ್ವಚ್ಛವಾಗಿ ಕಾಣಬಹುದು. ನಮ್ಮ ಹೊಗೆ ತಪಾಸಣಾ ಕೇಂದ್ರಗಳಲ್ಲಿ ಡೀಸೆಲ್ ಗಾಡಿಗೆ ಮಾಡುವ ಪರೀಕ್ಷೆ ಯಾವುದು? ಪೈಪಿನಲ್ಲಿ ಪ್ರೋಬ್ ಇಟ್ಟು, ಗಾಡಿ ನಿಂತಲ್ಲೇ ಆಕ್ಸಿಲರೇಟರ್ ಒತ್ತಿ, ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ನೋಡುತ್ತಾರೆ. ಮಸಿಯ ಪ್ರಮಾಣ ಅದರಿಂದ ತಿಳಿಯುತ್ತದೆ. ನೈಟ್ರೋಜನ್ ಆಕ್ಸೈಡ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಎಸ್‌ಸಿಆರ್ ಕೆಟ್ಟ ಲಾರಿಯೊಂದು ಪಿಯುಸಿ ಸರ್ಟಿಫಿಕೇಟ್ ಪಡೆದು, ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಮುಗಿಸಿಕೊಂಡು, ವರ್ಷಗಟ್ಟಲೆ ಓಡಬಹುದು. ಅದರಲ್ಲಿ ತಪಾಸಣೆ ಮಾಡಿದವರ ತಪ್ಪಿಲ್ಲ, ಮಾಲೀಕರ ಮೋಸವೂ ಇಲ್ಲ. ಅಳೆಯಬೇಕಾದದ್ದನ್ನು ನಾವು ಅಳೆಯುತ್ತಿಲ್ಲ, ಅಷ್ಟೆ.

ಅಳೆಯದೆ ಬಿಟ್ಟರೆ ಆಗುವ ನಷ್ಟ ಸಣ್ಣದಲ್ಲ. ನೈಟ್ರೋಜನ್ ಡೈ ಆಕ್ಸೈಡ್ ಉಸಿರಾಟದ ನಾಳಗಳನ್ನು ಕೆರಳಿಸುತ್ತದೆ, ಅಸ್ತಮಾ ಇರುವ ಮಕ್ಕಳಿಗೆ ಅದು ಹೆಚ್ಚು ಕೆಡುಕು. ಗಾಳಿಯಲ್ಲಿ ಅದು ಬೇರೆ ಅನಿಲಗಳೊಂದಿಗೆ ಸೇರಿ ಸೂಕ್ಷ್ಮ ಕಣಗಳಾಗುತ್ತದೆ. ಬಿಸಿಲಿನಲ್ಲಿ ನೆಲಮಟ್ಟದ ಓಝೋನ್ ಹುಟ್ಟಲು ಕಾರಣವಾಗುತ್ತದೆ. ಓಝೋನ್ ಮನುಷ್ಯರ ಶ್ವಾಸಕೋಶವನ್ನಷ್ಟೇ ಅಲ್ಲ, ಬೆಳೆಗಳ ಎಲೆಯನ್ನೂ ಹಾಳುಮಾಡಿ ಇಳುವರಿ ತಗ್ಗಿಸುತ್ತದೆ. ಬಿಸಿಲಿಗೆ ಹೆಸರಾದ ಪಾವಗಡ, ಶಿರಾ, ಮಧುಗಿರಿಯ ರೈತರಿಗೆ ಇದು ದೂರದ ಮಾತಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2012ರಲ್ಲೇ ಖಚಿತಪಡಿಸಿದೆ. ಆ ಹೊಗೆಗೆ ಎಲ್ಲರಿಗಿಂತ ಹತ್ತಿರ ಇರುವವರು ಚಾಲಕರು, ಕ್ಲೀನರ್‌ಗಳು, ಹಮಾಲರು, ಮೆಕ್ಯಾನಿಕ್‌ಗಳು.

ಹಾಗಾದರೆ ಕಾಣದ ದೋಷವನ್ನು ಜಗತ್ತು ಪತ್ತೆ ಹಚ್ಚಿದ್ದು ಹೇಗೆ? ಆ ಇತಿಹಾಸ ಶುರುವಾಗುವುದು ಲಾರಿಯಿಂದಲೇ. 1998ರಲ್ಲಿ ಅಮೆರಿಕದ ಸರ್ಕಾರ ಏಳು ಎಂಜಿನ್ ಕಂಪನಿಗಳ ಮೇಲೆ ಒಂದು ಆರೋಪ ಹೊರಿಸಿತು: ಸುಮಾರು 13 ಲಕ್ಷ ಭಾರಿ ಡೀಸೆಲ್ ಎಂಜಿನ್‌ಗಳು ಪರೀಕ್ಷಾ ಕೊಠಡಿಯಲ್ಲಿ ಸ್ವಚ್ಛವಾಗಿ ಓಡಿ, ಹೆದ್ದಾರಿಗೆ ಬಿದ್ದೊಡನೆ ಬೇರೆ ಸಾಫ್ಟ್‌ವೇರ್ ಲೆಕ್ಕದಲ್ಲಿ ಓಡುತ್ತವೆ ಎಂದು. ಕಂಪನಿಗಳು ರಾಜಿಗೆ ಬಂದವು, 8.34 ಕೋಟಿ ಡಾಲರ್ ದಂಡ ಕಟ್ಟಿದವು. ಆ ರಾಜಿಯಿಂದ ಎರಡು ಪಾಠ ಸಿಕ್ಕವು.

ಒಂದು ಕಹಿ ಪಾಠ. ಆಗಲೇ ರಸ್ತೆಯಲ್ಲಿದ್ದ ಲಾರಿಗಳನ್ನು ಕೂಡಲೇ ವಾಪಸ್ ಕರೆಸಬೇಕಾಗಿಲ್ಲ, ಎಂಜಿನ್ ರೀಬಿಲ್ಡ್‌ಗೆ ಬಂದಾಗ ಹೊಸ ಸಾಫ್ಟ್‌ವೇರ್ ಹಾಕಿಕೊಟ್ಟರೆ ಸಾಕು ಎಂದು ಒಪ್ಪಂದವಾಯಿತು. ಎಂಜಿನ್‌ಗಳು ಅಂದುಕೊಂಡಷ್ಟು ಬೇಗ ರೀಬಿಲ್ಡ್‌ಗೆ ಬರಲೇ ಇಲ್ಲ. ವರ್ಷಗಳು ಕಳೆದರೂ ದುರಸ್ತಿಯಾದ ಲಾರಿಗಳ ಸಂಖ್ಯೆ ನಿರೀಕ್ಷೆಗಿಂತ ತೀರಾ ಕಡಿಮೆ ಇತ್ತು. ಗಾಡಿ ತಾನಾಗಿ ಬರಲಿ ಎಂದು ಕಾದು ಕೂತರೆ ರೀಕಾಲ್ ನಡೆಯುವುದಿಲ್ಲ.

ಇನ್ನೊಂದು ಪಾಠ ಒಳ್ಳೆಯದು. ಓಡುವ ಲಾರಿಯಲ್ಲೇ ಹೊಗೆ ಅಳೆಯುವ ಉಪಕರಣವನ್ನು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ ಅದೇ ಒಪ್ಪಂದದ ಫಲವಾಗಿ ಬೆಳೆಸಿತು. ಹದಿನೈದು ವರ್ಷಗಳ ನಂತರ ಅಲ್ಲಿನ ಒಂದು ಸಣ್ಣ ತಂಡ, ಒಂದು ಲಕ್ಷ ಡಾಲರ್‌ಗೂ ಕಡಿಮೆ ಅನುದಾನದಲ್ಲಿ, ಮೂರು ಡೀಸೆಲ್ ಕಾರುಗಳ ಹೊಗೆಯನ್ನು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಅಳೆಯಿತು. ಆ ತಂಡದಲ್ಲಿದ್ದವರು ಡೇನಿಯಲ್ ಕಾರ್ಡರ್, ಮಾರ್ಕ್ ಬೆಶ್, ಅರವಿಂದ್ ತಿರುವೆಂಗಡಂ ಮತ್ತು ನಮ್ಮ ಬೆಂಗಳೂರಿನಿಂದ ಓದಲು ಹೋಗಿದ್ದ ಹೇಮಂತ್ ಕಪ್ಪಣ್ಣ. ಡಿಕ್ಕಿಯಲ್ಲಿ ಜನರೇಟರ್, ಉಪಕರಣ ಹೇರಿಕೊಂಡು ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೂ ಕಾರು ಓಡಿಸಿದರು. ಫೋಕ್ಸ್‌ವ್ಯಾಗನ್ ಜೆಟ್ಟಾ ಮಿತಿಯ 15ರಿಂದ 35 ಪಟ್ಟು, ಪಸಾಟ್ 5ರಿಂದ 20 ಪಟ್ಟು ನೈಟ್ರೋಜನ್ ಆಕ್ಸೈಡ್ ಬಿಡುತ್ತಿದ್ದವು. ಮೂರನೆಯ ಕಾರು, ಬೇರೆ ಕಂಪನಿಯದು, ಹೆಚ್ಚು ಪಾಲು ಮಿತಿಯೊಳಗೇ ಇತ್ತು. ವಿಶ್ವದ 1.1 ಕೋಟಿ ಕಾರುಗಳ ಹಗರಣ ಬಯಲಿಗೆ ಬಂದದ್ದು ಆ ಅಳತೆಯಿಂದ. ಮುಂದಿನ ಸಾಲಿನಲ್ಲಿ ಕೂತಿರುವ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಇದನ್ನು ಒತ್ತಿ ಹೇಳುತ್ತಿದ್ದೇನೆ. ಆ ಕೆಲಸ ಮಾಡಿದವರಿಗೆ ಯಾರನ್ನೂ ಹಿಡಿದುಹಾಕುವ ಉದ್ದೇಶ ಇರಲಿಲ್ಲ. ಸರಿಯಾಗಿ ಅಳೆದರು, ಅಳೆದದ್ದನ್ನು ಮುಚ್ಚಿಡದೆ ಪ್ರಕಟಿಸಿದರು.

ಈ ಪ್ರಕರಣದಲ್ಲಿ ಹೆಚ್ಚು ಜನ ನೆನಪಿಟ್ಟುಕೊಳ್ಳದ ಒಂದು ಘಟ್ಟವಿದೆ. 2014ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ತಾನೇ ಒಂದು ರೀಕಾಲ್ ಘೋಷಿಸಿತು. ಅಮೆರಿಕದಲ್ಲಿದ್ದ ಸುಮಾರು 5 ಲಕ್ಷ ಕಾರುಗಳಿಗೆ ಹೊಸ ಸಾಫ್ಟ್‌ವೇರ್ ಹಾಕಿ ದೋಷ ಸರಿಪಡಿಸುತ್ತೇವೆ ಎಂದಿತು. ಅಲ್ಲಿಗೇ ಸುಮ್ಮನಾಗಿದ್ದರೆ ವಿಷಯ ಮುಗಿಯುತ್ತಿತ್ತು. ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಸುಮ್ಮನಾಗಲಿಲ್ಲ. ದುರಸ್ತಿಯಾದ ಕಾರುಗಳನ್ನು 2015ರ ಮೇ ತಿಂಗಳಿನಲ್ಲಿ ಮತ್ತೆ ಪರೀಕ್ಷೆಗೆ ಹಚ್ಚಿತು. ಹೊಗೆ ಇನ್ನೂ ಮಿತಿ ಮೀರಿಯೇ ಇತ್ತು. ಆಮೇಲೆ ಕೇಳಿದ ಪ್ರಶ್ನೆಗಳಿಗೆ ಕಂಪನಿಯ ಬಳಿ ಉತ್ತರ ಇರಲಿಲ್ಲ, ಸೆಪ್ಟೆಂಬರ್‌ನಲ್ಲಿ ಮೋಸ ಒಪ್ಪಿಕೊಳ್ಳಬೇಕಾಯಿತು. ರೀಕಾಲ್ ಆಯಿತೆಂಬ ಮಾತನ್ನು ನಂಬಿ ಕೂರದೆ ಮತ್ತೆ ಅಳೆದದ್ದರಿಂದ ಸತ್ಯ ಹೊರಬಂತು. ದುರಸ್ತಿಯ ನಂತರ ಮತ್ತೆ ಅಳೆಯಬೇಕೆಂಬ ನಮ್ಮ ಬೇಡಿಕೆಗೆ ಇದಕ್ಕಿಂತ ದೊಡ್ಡ ಆಧಾರ ಬೇಡ.

ಮೋಸ ಇಲ್ಲದೆಯೂ ದೋಷ ಇರಬಹುದು. ಇಂದಿನ ವಿಷಯಕ್ಕೆ ಅತ್ಯಂತ ಹತ್ತಿರದ ಉದಾಹರಣೆ ಅಂಥದ್ದೇ. 2018ರ ಜುಲೈ 31ರಂದು ಅಮೆರಿಕದಲ್ಲಿ ಕಮ್ಮಿನ್ಸ್ ಎಂಜಿನ್ ಇರುವ 5 ಲಕ್ಷ ಮಧ್ಯಮ ಮತ್ತು ಭಾರಿ ಲಾರಿಗಳ ರೀಕಾಲ್ ಪ್ರಕಟವಾಯಿತು. ಅಲ್ಲಿಯವರೆಗೆ ಲಾರಿಗಳ ಹೊಗೆಯ ವಿಚಾರದಲ್ಲಿ ಅಷ್ಟು ದೊಡ್ಡ ಸ್ವಯಂಪ್ರೇರಿತ ರೀಕಾಲ್ ನಡೆದಿರಲಿಲ್ಲ. 2010ರಿಂದ 2015ರವರೆಗಿನ ಮಾದರಿಗಳಲ್ಲಿದ್ದ ಎಸ್‌ಸಿಆರ್ ಕ್ಯಾಟಲಿಸ್ಟ್ ಬಾಳಬೇಕಾದಷ್ಟು ಬಾಳದೆ ಕೆಲವೇ ವರ್ಷಗಳಲ್ಲಿ ಸವೆದು, ನೈಟ್ರೋಜನ್ ಆಕ್ಸೈಡ್ ಮಿತಿ ದಾಟುತ್ತಿತ್ತು. ಅದನ್ನು ಹಿಡಿದದ್ದು ಕ್ಯಾಲಿಫೋರ್ನಿಯಾ ಮಂಡಳಿ, ಬಳಕೆಯಲ್ಲಿರುವ ಲಾರಿಗಳನ್ನೇ ತಂದು ಪರೀಕ್ಷಿಸುವ ಹೊಸ ಕಾರ್ಯಕ್ರಮದಲ್ಲಿ. ಕಂಪನಿ ಸಹಕರಿಸಿತು. 2018ರ ಆಗಸ್ಟ್ ಮತ್ತು 2019ರ ಮಾರ್ಚ್‌ನಲ್ಲಿ ಶುರುವಾದ ಎರಡು ಹಂತಗಳಲ್ಲಿ ತನ್ನ ಖರ್ಚಿನಲ್ಲೇ ಕ್ಯಾಟಲಿಸ್ಟ್ ಬದಲಾಯಿಸಿಕೊಡಲು ಒಪ್ಪಿತು. ನಮ್ಮ ರಸ್ತೆಗಳ ಎಷ್ಟೋ ಟಾಟಾ ಲಾರಿಗಳಲ್ಲೂ ಕಮ್ಮಿನ್ಸ್ ಎಂಜಿನ್ ಇರುವುದು ನಿಮಗೆ ಗೊತ್ತು. ಆ ರೀಕಾಲ್‌ಗೂ ನಮ್ಮ ಲಾರಿಗಳಿಗೂ ಸಂಬಂಧವಿಲ್ಲ ಎಂಬುದನ್ನು ಸ್ಪಷ್ಟಪಡಿಸುತ್ತೇನೆ. ನಾವು ಕಲಿಯಬೇಕಾದದ್ದು ಅದರ ಕ್ರಮವನ್ನು: ಸರ್ಕಾರ ಅಳೆಯಿತು, ಕಂಪನಿ ಒಪ್ಪಿತು, ಮಾಲೀಕರ ಜೇಬಿಗೆ ಕೈ ಹಾಕಲಿಲ್ಲ. ಅದೇ ಕಂಪನಿ ಪಿಕಪ್ ಗಾಡಿಗಳ ಎಂಜಿನ್ ಸಾಫ್ಟ್‌ವೇರ್ ಕುರಿತ ಬೇರೊಂದು ಪ್ರಕರಣದಲ್ಲಿ 2024ರಲ್ಲಿ 167.5 ಕೋಟಿ ಡಾಲರ್ ದಂಡಕ್ಕೆ ಒಪ್ಪಬೇಕಾಯಿತು, 6 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಕರೆಸಿ ಸರಿಪಡಿಸಬೇಕಾಯಿತು. ಸಹಕರಿಸಿ ಸರಿಪಡಿಸಿದ ದೋಷಕ್ಕೂ ದಂಡ ತೆತ್ತು ಸರಿಪಡಿಸಬೇಕಾದ ತಪ್ಪಿಗೂ ಇರುವ ಬೆಲೆಯ ಅಂತರ ಇದು.

ನಮ್ಮ ಹೊಸಕೋಟೆಯಲ್ಲಿ ಕಾರ್ಖಾನೆ ಇರುವ ವೋಲ್ವೋ ಸಮೂಹವೂ 2018ರ ಅಕ್ಟೋಬರ್‌ನಲ್ಲಿ ಇಂಥದ್ದೇ ವಿಷಯ ತಿಳಿಸಿತು. ಹೊಗೆ ನಿಯಂತ್ರಣದ ಒಂದು ಬಿಡಿಭಾಗ ಅಂದುಕೊಂಡದ್ದಕ್ಕಿಂತ ಬೇಗ ಸವೆಯುತ್ತಿದೆ, ಹೆಚ್ಚಿನ ಗಾಡಿಗಳು ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿವೆ ಎಂದಿತು. ಅದನ್ನು ಸರಿಪಡಿಸಲು 700 ಕೋಟಿ ಸ್ವೀಡಿಷ್ ಕ್ರೋನಾ ತೆಗೆದಿರಿಸಿತು. ಜಪಾನಿನ ಲಾರಿ ಕಂಪನಿ ಹಿನೋ ಕಥೆ ಬೇರೆ. ಸಾಧನದ ಬಾಳಿಕೆ ಪರೀಕ್ಷೆಯ ನಡುವೆಯೇ ಅದರ ಎಂಜಿನಿಯರ್‌ಗಳು ಹೊಗೆ ಶುದ್ಧೀಕರಿಸುವ ಮಫ್ಲರ್ ತೆಗೆದು ಹೊಸದನ್ನು ಕೂರಿಸಿದ್ದರು. ಪರೀಕ್ಷೆ ಬರೆಯುತ್ತಿರುವ ಹುಡುಗನನ್ನು ಅರ್ಧಕ್ಕೆ ಎಬ್ಬಿಸಿ ಇನ್ನೊಬ್ಬನನ್ನು ಕೂರಿಸಿದಂಥ ಕೆಲಸ ಅದು. 2022ರ ಮಾರ್ಚ್‌ನಲ್ಲಿ ಕಂಪನಿಯೇ ಇದನ್ನು ಒಪ್ಪಿಕೊಂಡಿತು. ಸಾಧನದ ಬಾಳಿಕೆಯ ಈ ಪ್ರಕರಣಗಳಲ್ಲೆಲ್ಲ ಪ್ರಶ್ನೆ ಒಂದೇ. ಹೊಸದಾಗಿದ್ದಾಗ ಸಾಧನ ಕೆಲಸ ಮಾಡುತ್ತದೆಯೇ ಎಂಬುದು ಸುಲಭದ ಪ್ರಶ್ನೆ. ಲಕ್ಷಾಂತರ ಕಿಲೋಮೀಟರ್ ಓಡಿದ ಮೇಲೂ ಮಾಡುತ್ತದೆಯೇ ಎಂಬುದು ನಿಜವಾದ ಪ್ರಶ್ನೆ.

ಇನ್ನು ನಮ್ಮ ದೇಶ. ಧರ್ಮಸ್ಥಳಕ್ಕೋ ತಿರುಪತಿಗೋ ಹಳ್ಳಿಯ ಜನ ಬಾಡಿಗೆಗೆ ಹಿಡಿಯುತ್ತಿದ್ದ ಷೆವರ್ಲೆ ತವೇರಾ ನಿಮಗೆಲ್ಲ ಪರಿಚಿತ. 2013ರ ಜುಲೈನಲ್ಲಿ ಅದರ ತಯಾರಕರು 1.14 ಲಕ್ಷ ತವೇರಾಗಳನ್ನು ವಾಪಸ್ ಕರೆಸಿದರು. ಹೊಗೆ ಪರೀಕ್ಷೆಯ ವಿಚಾರದಲ್ಲಿ ತಮ್ಮ ನೌಕರರೇ ನಿಯಮ ಮೀರಿದ್ದರೆಂದು ಕಂಪನಿ ಸರ್ಕಾರಕ್ಕೆ ತಿಳಿಸಿತು. ಕೆಲವು ವರ್ಷಗಳಲ್ಲಿ, 2017ರ ಕೊನೆಗೆ, ಆ ಕಂಪನಿ ದೇಶದಲ್ಲಿ ಗಾಡಿ ಮಾರುವುದನ್ನೇ ನಿಲ್ಲಿಸಿತು. 2015ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಸಮೂಹ ಭಾರತದಲ್ಲಿ 3,23,700 ಕಾರುಗಳ ರೀಕಾಲ್ ಘೋಷಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮಾರ್ಚ್‌ನಲ್ಲಿ 500 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು, ಬಲವಂತದ ಕ್ರಮಕ್ಕೆ ಕೋರ್ಟು ತಡೆ ಕೊಟ್ಟಿತು. ಈ ಎರಡೂ ಪ್ರಕರಣಗಳ ಕಾಲದಲ್ಲಿ ನಮ್ಮ ಮೋಟಾರು ಕಾನೂನಿನಲ್ಲಿ ರೀಕಾಲ್‌ಗೆ ಕಡ್ಡಾಯ ನಿಯಮವೇ ಇರಲಿಲ್ಲ. ತಯಾರಕರ ಸಂಘ 2012ರಲ್ಲಿ ಮಾಡಿಕೊಂಡ ಸ್ವಯಂ ಸಂಹಿತೆಯೊಂದೇ ಇತ್ತು.

ಈಗ ಕಾನೂನು ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿತು. ಗಾಡಿಯ ದೋಷ ಪರಿಸರಕ್ಕೆ, ಚಾಲಕರಿಗೆ ಅಥವಾ ರಸ್ತೆ ಬಳಸುವ ಇತರರಿಗೆ ಹಾನಿ ಮಾಡುವಂತಿದ್ದರೆ ಕೇಂದ್ರ ಸರ್ಕಾರ ರೀಕಾಲ್‌ಗೆ ಆದೇಶಿಸಬಹುದು. ಗಮನಿಸಿ, ಆ ಸಾಲಿನಲ್ಲಿ ಪರಿಸರದ ಹೆಸರೇ ಮೊದಲು ಬರುತ್ತದೆ. ದೋಷ ಒಂದು ಬಿಡಿಭಾಗದ್ದಾಗಿದ್ದರೆ, ಆ ಬಿಡಿಭಾಗ ಇರುವ ಎಲ್ಲ ಮಾದರಿಗಳನ್ನೂ ಕರೆಸಲು ಅವಕಾಶವಿದೆ. ತಯಾರಕರು ಹಣ ಹಿಂತಿರುಗಿಸಬೇಕು, ಇಲ್ಲವೇ ಗಾಡಿ ಬದಲಿಸಿಕೊಡಬೇಕು, ಇಲ್ಲವೇ ದುರಸ್ತಿ ಮಾಡಿಕೊಡಬೇಕು. ತಾವಾಗಿ ದೋಷ ತಿಳಿಸಿ ರೀಕಾಲ್ ಶುರುಮಾಡಿದವರಿಗೆ ದಂಡದಿಂದ ವಿನಾಯಿತಿ ಇದೆ. ನಿಯಮ ಪಾಲಿಸದ ತಯಾರಕರಿಗೆ 182ಎ ಕಲಮಿನಡಿ ದಂಡ 100 ಕೋಟಿ ರೂಪಾಯಿವರೆಗೂ ಹೋಗಬಹುದು. ಇದಕ್ಕೆ ಬೇಕಾದ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ಕಾನೂನು ಒಳ್ಳೆಯದೇ. ಅದು ತೋವಿನಕೆರೆಗೆ ತಲುಪುವ ದಾರಿಯಲ್ಲಿ ಮೂರು ಅಡ್ಡಿಗಳನ್ನು ನಾನು ಕಾಣುತ್ತೇನೆ.

ಮೊದಲನೆಯದು ದೂರು. ಮಾಲೀಕರ ದೂರುಗಳು ಮಾರಾಟದ ಇಂತಿಷ್ಟು ಪ್ರಮಾಣ ಮುಟ್ಟಿದಾಗ ರೀಕಾಲ್‌ನ ಪ್ರಕ್ರಿಯೆ ಆರಂಭವಾಗುತ್ತದೆ ಎನ್ನುತ್ತದೆ ನಿಯಮ. ಬ್ರೇಕಿನ ದೋಷಕ್ಕೆ ಈ ದಾರಿ ಸರಿ. ಕಣ್ಣಿಗೆ ಕಾಣದ ಅನಿಲದ ಬಗ್ಗೆ ಮಾಲೀಕರು ದೂರು ಕೊಡುವುದು ಹೇಗೆ? ಪರೀಕ್ಷಾ ಸಂಸ್ಥೆಗಳ ವರದಿಯನ್ನೂ ಕಾಯ್ದೆ ಆಧಾರವಾಗಿ ಒಪ್ಪುತ್ತದೆ. ಹೊಗೆಯ ವಿಚಾರದಲ್ಲಿ ಆ ದಾರಿಯನ್ನೇ ಮುಖ್ಯ ದಾರಿ ಮಾಡಬೇಕು. 2023ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್ 6ರ ಎರಡನೆಯ ಹಂತ ರಸ್ತೆಯ ಮೇಲಿನ ಹೊಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆ ಅಳತೆ ಕಂಪನಿ ಆಯ್ದು ತಂದ ಲಾರಿಗೆ ಸೀಮಿತವಾಗದೆ, ಜಲ್ಲಿ ಹೊತ್ತು ಏರು ಹತ್ತುವ ನಮ್ಮ ಟಿಪ್ಪರ್‌ಗಳಿಗೂ ಬರಬೇಕು.

ಎರಡನೆಯದು ವಯಸ್ಸು. ರೀಕಾಲ್ ನಿಯಮ ಅನ್ವಯವಾಗುವುದು ಏಳು ವರ್ಷದೊಳಗಿನ ಗಾಡಿಗಳಿಗೆ. 16 ಟನ್ ಮೀರಿದ ಲಾರಿಯ ಹೊಗೆ ನಿಯಂತ್ರಣ ಸಾಧನ 7 ಲಕ್ಷ ಕಿಲೋಮೀಟರ್ ಅಥವಾ 7 ವರ್ಷ ಬಾಳಬೇಕೆಂಬುದೂ ಬಿಎಸ್ 6ರ ಷರತ್ತು. 2020ರ ಏಪ್ರಿಲ್‌ನಲ್ಲಿ ರಸ್ತೆಗಿಳಿದ ಮೊದಲ ಬಿಎಸ್ 6 ಲಾರಿಗಳಿಗೆ 2027ಕ್ಕೆ ಏಳು ತುಂಬುತ್ತದೆ. ಅಂದರೆ ಇಂಥ ಲಾರಿಗಳು ದೊಡ್ಡ ಸಂಖ್ಯೆಯಲ್ಲಿ ನಮ್ಮ ತಾಲ್ಲೂಕುಗಳಿಗೆ ಸೆಕೆಂಡ್ ಹ್ಯಾಂಡ್ ಬಂದ ಸ್ವಲ್ಪ ಕಾಲಕ್ಕೇ ಕಾನೂನಿನ ರಕ್ಷಣೆ ಮುಗಿಯುತ್ತದೆ. ಅವಧಿಯೊಳಗೆ ದೋಷ ಸಾಬೀತಾದರೆ, ಅವಧಿ ಮುಗಿದ ಲಾರಿಗಳಿಗೂ ಅದೇ ದುರಸ್ತಿ ಕೊಡಬೇಕೆಂದು ನಾವು ಕೇಳಬೇಕು. ಗಾಡಿಗೆ ಏಳು ವರ್ಷ ತುಂಬಿತೆಂದು ಅದರ ಹೊಗೆ ಮಕ್ಕಳ ಎದೆಗೆ ಇಳಿಯುವುದು ನಿಲ್ಲುವುದಿಲ್ಲ.

ಮೂರನೆಯದು ವಿಳಾಸ. ಕಂಪನಿಯ ಬಳಿ ಇರುವುದು ಮೊದಲ ಮಾಲೀಕರ ವಿಳಾಸ. ಆರ್‌ಸಿ ವರ್ಗಾವಣೆ ಮಾಡಿಸದೆ ಕರಾರು ಪತ್ರದ ಮೇಲೆ ಲಾರಿ ಓಡಿಸುವವರು ನಮ್ಮಲ್ಲಿ ಇದ್ದಾರೆ. ವರ್ಗಾವಣೆ ಆಗಿದ್ದರೂ ಮೊಬೈಲ್ ನಂಬರ್ ಹಳೆಯದೇ ಉಳಿದಿರುತ್ತದೆ. ರೀಕಾಲ್ ಪತ್ರ ಹೋಗುವುದು ಎಂದೋ ಲಾರಿ ಮಾರಿದವರ ಕಚೇರಿಗೆ. ಕೆಎ-64 ನಂಬರಿನ ಮಧುಗಿರಿ ಸಾರಿಗೆ ಕಚೇರಿ ನಮಗೆ ಹತ್ತಿರದಲ್ಲೇ ಇದೆ. ಎಫ್‌ಸಿಗೆ ಬಂದ ಪ್ರತಿ ಲಾರಿಯ ಚಾಸಿ ನಂಬರ್ ನೋಡಿ, ಅದಕ್ಕೆ ಬಾಕಿ ರೀಕಾಲ್ ಇದೆಯೇ ಎಂದು ಅಲ್ಲೇ ತಿಳಿಸುವ ವ್ಯವಸ್ಥೆ ಆಗಬೇಕು. ದುರಸ್ತಿಗೆಂದು ಲಾರಿಯನ್ನು ಖಾಲಿ ಓಡಿಸಿಕೊಂಡು ನಗರಕ್ಕೆ ಹೋಗಿ ನಿಲ್ಲಿಸಿದರೆ ಆ ದಿನಗಳ ಬಾಡಿಗೆ ಹೋಯಿತು, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ದೊಡ್ಡ ರೀಕಾಲ್ ನಡೆದಾಗ ಕಂಪನಿಯ ತಂಡ ತಾಲ್ಲೂಕು ಕೇಂದ್ರಕ್ಕೇ ಬಂದು ಶಿಬಿರ ಹಾಕಿ ಬಿಡಿಭಾಗ ಬದಲಿಸಿಕೊಡಲಿ. ಲಾರಿ ನಿಂತ ದಿನಗಳಿಗೆ ಪರಿಹಾರ ಕೊಡಲಿ.

ತಯಾರಕರಿಂದ ಹೊಣೆ ಕೇಳುವ ನಾವು ನಮ್ಮ ಹೊಣೆಯನ್ನೂ ಹೇಳಿಕೊಳ್ಳಬೇಕು. ದೀಪ ಹತ್ತಿದೊಡನೆ, ಇಸಿಎಂಗೆ ಸುಳ್ಳು ವರದಿ ಕೊಡುವ ಎಮ್ಯುಲೇಟರ್ ಹಾಕಿಸಿ ಎಸ್‌ಸಿಆರ್ ಬೈಪಾಸ್ ಮಾಡುವ ಚಾಳಿ ದೇಶದ ಹಲವೆಡೆ ಇದೆ. ಅದನ್ನು ಹಾಕಿಸಿದರೆ ಡಿಇಎಫ್ ಖರ್ಚು ಉಳಿಯಿತು ಅನಿಸುತ್ತದೆ. ಆದರೆ ಅದೇ ಕ್ಷಣ ಕಂಪನಿಯ ದೋಷಕ್ಕೆ ಸಾಕ್ಷಿ ಅಳಿಸಿಹೋಗುತ್ತದೆ, ವಾರಂಟಿ ಹೋಗುತ್ತದೆ, ಗಾಡಿ ತಿದ್ದಿದ ಅಪರಾಧ ಮಾಲೀಕರ ಮೇಲೆ ಬರುತ್ತದೆ. ತಯಾರಕರ ಹೆಗಲ ಮೇಲಿದ್ದ ಭಾರವನ್ನು ನಾವೇ ನಮ್ಮ ಹೆಗಲಿಗೆ ಎಳೆದುಕೊಂಡಂತಾಗುತ್ತದೆ. ಮೆಕ್ಯಾನಿಕ್ ಮಿತ್ರರಲ್ಲಿ ಕೈಮುಗಿದು ಕೇಳುತ್ತೇನೆ, ಈ ಕೆಲಸಕ್ಕೆ ಕೈ ಹಾಕಬೇಡಿ.

ಹಾಗೆಯೇ ಯೂರಿಯಾ. ರೈತರಿಗೆ ಸಬ್ಸಿಡಿಯಲ್ಲಿ ಸಿಗುವ 45 ಕಿಲೋ ಚೀಲದ ಯೂರಿಯಾವನ್ನು ನೀರಿಗೆ ಬೆರೆಸಿ ಡಿಇಎಫ್ ಎಂದು ಮಾರುವವರು ಇದ್ದಾರೆ. 2015ರಿಂದ ಆ ಗೊಬ್ಬರಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆ. ಆ ಎಣ್ಣೆ, ಗೊಬ್ಬರದಲ್ಲಿರುವ ಕಲ್ಮಶ, ನಮ್ಮ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಎಲ್ಲ ಸೇರಿ ನಾಜಲ್ಲನ್ನು ಕಟ್ಟುತ್ತವೆ, ಕ್ಯಾಟಲಿಸ್ಟನ್ನು ಕೊಲ್ಲುತ್ತವೆ. ರಾಗಿ, ಜೋಳಕ್ಕೆ ಮೇಲುಗೊಬ್ಬರ ಹಾಕುವ ಕಾಲದಲ್ಲಿ ಸೊಸೈಟಿ ಮುಂದೆ ಸಾಲು ನಿಲ್ಲುವ ರೈತರಿಂದ ಕಿತ್ತದ್ದು ಲಾರಿಯನ್ನೂ ಹಾಳುಮಾಡುತ್ತದೆ. ಎರಡೂ ಕಡೆ ನಷ್ಟ ನಮ್ಮವರಿಗೇ.

ಇಂದಿನ ಗೋಷ್ಠಿಗಳಿಂದ ನಾನು ಅಪೇಕ್ಷಿಸುವುದು ಇಷ್ಟು. ಮೊದಲ ಗೋಷ್ಠಿ ದಾಖಲೆಯ ಒಂದು ಸರಳ ಪದ್ಧತಿ ರೂಪಿಸಲಿ: ಡಿಇಎಫ್ ಬಿಲ್ಲು, ಸ್ಕ್ಯಾನರ್ ತೋರಿಸಿದ ಎರರ್ ಕೋಡ್, ಕಿಲೋಮೀಟರ್, ಬದಲಿಸಿದ ಬಿಡಿಭಾಗ, ಜಾಬ್ ಕಾರ್ಡ್, ಇಷ್ಟನ್ನು ಕನ್ನಡದಲ್ಲೇ ಬರೆದಿಡುವ ಒಂದು ಪುಸ್ತಕ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಗ್ಯಾರೇಜುಗಳು ಇದನ್ನು ಒಂದೇ ಬಗೆಯಲ್ಲಿ ಬರೆದರೆ, ಒಂದೇ ಮಾದರಿಯ ಲಾರಿಗಳಲ್ಲಿ ಒಂದೇ ದೋಷ ಮರುಕಳಿಸುತ್ತಿದೆಯೇ ಎಂಬುದು ಕೆಲವೇ ತಿಂಗಳಲ್ಲಿ ಗೊತ್ತಾಗುತ್ತದೆ. ಎರಡನೆಯ ಗೋಷ್ಠಿ ಅಳತೆಯ ಬಗ್ಗೆ ಚರ್ಚಿಸಲಿ. ನೈಟ್ರೋಜನ್ ಆಕ್ಸೈಡ್ ಅಳೆಯುವ ಉಪಕರಣವನ್ನು ಜಿಲ್ಲೆಯ ಒಂದು ತಾಂತ್ರಿಕ ಕಾಲೇಜಿಗಾದರೂ ತರಿಸುವುದು ಹೇಗೆ, ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಅದನ್ನು ಜೋಡಿಸುವುದು ಹೇಗೆ ಎಂದು ದಾರಿ ತೋರಿಸಲಿ. ಮೂರನೆಯ ಗೋಷ್ಠಿ ಹಕ್ಕೊತ್ತಾಯವನ್ನು ಬರೆಯಲಿ: ಎಫ್‌ಸಿ ವೇಳೆ ರೀಕಾಲ್ ಮಾಹಿತಿ, ತಾಲ್ಲೂಕು ಮಟ್ಟದ ದುರಸ್ತಿ ಶಿಬಿರ, ಏಳು ವರ್ಷದ ಗಡಿಯ ಸಡಿಲಿಕೆ, ದುರಸ್ತಿಯ ನಂತರದ ಮರುಪರೀಕ್ಷೆ. ಸಂಜೆಯೊಳಗೆ ಆ ಕರಡು ಸಿದ್ಧವಾಗಿ, ಇಲ್ಲಿರುವ ಎಲ್ಲರ ಸಹಿಯೊಂದಿಗೆ ಜಿಲ್ಲಾಧಿಕಾರಿಗಳ ಮೂಲಕ ರಾಜ್ಯದ ಸಾರಿಗೆ ಇಲಾಖೆಗೂ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯಕ್ಕೂ ಹೋಗಬೇಕು.

ಒಬ್ಬೊಬ್ಬರಾಗಿ ಕೌಂಟರಿನ ಮುಂದೆ ನಿಂತಾಗ ನಮ್ಮ ಮಾತಿಗೆ ಬೆಲೆ ಬರಲಿಲ್ಲ. ಅಳತೆ ಕೈಯಲ್ಲಿ ಹಿಡಿದು, ದಾಖಲೆ ಮುಂದಿಟ್ಟು, ಒಟ್ಟಾಗಿ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಆ ಒಟ್ಟುಗೂಡುವಿಕೆ ಇವತ್ತು ಇಲ್ಲಿಂದ ಶುರುವಾಗಲಿ ಎಂಬುದೇ ಈ ಸಂಕಿರಣದ ಆಶಯ.